ಡೆಪ್ಯುಟಿ ಚನ್ನಬಸಪ್ಪನವರು

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹಳೆಯ ತಲೆಯವರು ಶಾಲೆಯ ಮಾತನ್ನು ಎತ್ತಿದರೆ ಅದರ ಬೆನ್ನಿಗೆ ಧಾರವಾಡದ ಹೆಸರು ಬರುವದು ವಾಡಿಕೆ. ಇಂಥ ಮಾಸ್ತರರು ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದವರು, ಇಂಥವರು ಎರಡು ವರ್ಷದ ಟ್ರೇನ್ಡ್, ಇಂಥವರು ಮೂರು ವರ್ಷದ ಟ್ರೇನ್ಡ್ ಎಂದು ಅಜ್ಜಂದಿರು ಅವರ ಯೋಗ್ಯತೆಯನ್ನು ಅಳೆದು ಹೇಳುತ್ತಿದ್ದುದನ್ನು ನಾವೂ ಕೇಳಿದ್ದೇವೆ. ಹಾಗೆ ಬಂದ ಮಾಸ್ತರರನ್ನು ತಿದ್ದಿ ಕಳಿಸಿದ ಆ ಮನೆಗೆ ಅದರ ಎಳೆಯ ವಯಸ್ಸಿನಲ್ಲಿ ಯಜಮಾನರಾಗಿದ್ದವರು ಯಾರೆಂಬದನ್ನು ಮಾತ್ರ ಈಗ ಅನೇಕರು ಅರಿಯರು. ಅವರು ಡೆಪ್ಯುಟಿ ಚನ್ನಬಸಪ್ಪನವರು.

ಈ ಸ್ಮರಣ ಸಂಚಿಕೆಯಲ್ಲಿ ಅವರ ಚರಿತ್ರವನ್ನು ಬರೆಯಲು ಹೊರಟುದಕ್ಕೆ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಾದರೂ ಆಶ್ಚರ್ಯಪಟ್ಟಾರು. ನಮ್ಮ ಶಾಲೆಗೂ ಅವರಿಗೂ ನೇರವಾದ ಸಂಬಂಧವಿಲ್ಲ. ಆದರೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕಿಯರು ಒಂದು ಪ್ರಶ್ನೆಯನ್ನು ಹೊತ್ತುಕೊಂಡು ಹಿರಿಯರ ಬಳಿಗೆ ಬರುವರು. ಪಾಠ ಗೊತ್ತಿದೆ, ಪುಸ್ತಕ ಗೊತ್ತಿದೆ, ಆದರೆ ನಾಲ್ವತ್ತು ಮಕ್ಕಳನ್ನು ಒಂದು ಹದಕ್ಕೆ ತರುವದು ಹೇಗೆ ಎಂಬುದೇ ಆ ಪ್ರಶ್ನೆ. ಪಾಲಕರೂ ಇದನ್ನೇ ಬೇರೊಂದು ಬಗೆಯಿಂದ ಕೇಳುತ್ತಾರೆ. ಈಗಿನ ಶಾಲೆಗಳಲ್ಲಿ ಶಿಸ್ತು ಉಳಿದಿಲ್ಲವೆಂದು ನಿಟ್ಟುಸಿರುಬಿಡುತ್ತಾರೆ. ಈ ಪ್ರಶ್ನೆ ಕನ್ನಡ ನಾಡಿನಲ್ಲಿ ಮೊದಲು ಸರಕಾರದ ಕೆಲಸವಾಗಿ ಕೈಗೆ ಬಂದುದು ಯಾರಿಗೆ ಎಂದು ಹುಡುಕುತ್ತ ಹೋದರೆ ನಾವು ಚನ್ನಬಸಪ್ಪನವರ ಬಾಗಿಲಿಗೇ ಬಂದು ಮುಟ್ಟುವೆವು.

ಅವರು ೧೮೩೪ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಪೇಶವೆಯರ ಆಳಿಕೆ ಮುಗಿದು ಆ ಸೀಮೆಯು ಇಂಗ್ಲಿಷರ ಕೈಸೇರಿ ಆಗ ಇನ್ನೂ ಹದಿನಾರು ವರ್ಷಗಳು. ಅರಸರು ಬದಲಾಗಿದ್ದರೂ ಕಚೇರಿಯ ನುಡಿ ಬದಲಾಗಿರಲಿಲ್ಲ. ಕಾಗದಪತ್ರಗಳೆಲ್ಲ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆಯುತ್ತಿದ್ದವು. ಸರಕಾರವು ಶಾಲೆಗಳನ್ನು ತೆರೆದಾಗ ಅವೂ ಬಹುಮಟ್ಟಿಗೆ ಮರಾಠಿ ಶಾಲೆಗಳೇ ಆದವು. ಮನೆಯಲ್ಲಿ ಅವ್ವನೊಡನೆ ಕನ್ನಡ, ಅಂಗಡಿಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ; ಪಾಟಿಯನ್ನು ಹಿಡಿದು ಶಾಲೆಯ ಹೊಸ್ತಿಲನ್ನು ದಾಟಿದರೆ ಮಾತ್ರ ಇನ್ನೊಂದು ನುಡಿ. ಅಂದಿನ ಧಾರವಾಡದ ಹುಡುಗರು ಕಲಿತದ್ದು ಇಂಥ ಕಾಲದಲ್ಲಿ.

ಹೆಚ್ಚಿನ ವಿದ್ಯೆಗಾಗಿ ಚನ್ನಬಸಪ್ಪನವರು ಪುಣೆಗೆ ಹೋದರು. ರೈಲು ಧಾರವಾಡವನ್ನು ಮುಟ್ಟುವದಕ್ಕೆ ಇನ್ನೂ ಮೂವತ್ತು ವರ್ಷಗಳಿದ್ದವು. ಅವರು ಕಾಲ್ನಡಿಗೆಯಿಂದಲೇ ಅಷ್ಟು ದೂರ ಹೋದರೆಂದು ಅವರ ಚರಿತ್ರವನ್ನು ಹೇಳುವವರು ಹೇಳುತ್ತಾರೆ. ಮಲೆನಾಡಿನಲ್ಲಿ ಸಂಕವನ್ನು ದಾಟಿ, ಕಂಬಳಿಕೊಪ್ಪೆಯನ್ನು ಹಾಕಿಕೊಂಡು, ಹರದಾರಿ ನಡೆದು ಶಾಲೆಗೆ ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇದು ನಂಬಲಾಗದ ಮಾತೇನೂ ಅಲ್ಲ. ಪುಣೆಯಲ್ಲಿ ಇಂಗ್ಲಿಷನ್ನು ಕಲಿತು ಅವರು ತಿರುಗಿ ತಮ್ಮ ಸೀಮೆಗೆ ಬಂದು ವಿದ್ಯಾಖಾತೆಯ ಚಾಕರಿಗೆ ಸೇರಿದರು. ಇಂಗ್ಲಿಷ್ ಬಲ್ಲವನಿಗೆ ಅಂದು ಕಂದಾಯದ ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಯೂ ಸಂಬಳವೂ ಸಿಕ್ಕುವ ದಾರಿ ತೆರೆದಿತ್ತೆಂಬದನ್ನು ನೆನೆದರೆ, ಅವರು ಮಾಸ್ತರಿಕೆಯ ಕಡೆಗೆ ತಿರುಗಿದುದರ ಬೆಲೆ ತಿಳಿಯುವದು.

ಅವರ ಮುಂದಿನ ಕೆಲಸವನ್ನು ತಿಳಿಯಬೇಕಾದರೆ ಅದಕ್ಕೂ ಹಿಂದಿನ ಶಾಲೆ ಹೇಗಿತ್ತೆಂಬದನ್ನು ತುಸು ನೋಡಬೇಕು. ನಮ್ಮ ಕಡೆಯ ಹಳೆಯ ಶಾಲೆಗೆ ಮಠವೆಂದೂ ಕೂಲಿಮಠವೆಂದೂ ಹೆಸರು, ಕಲಿಸುವವರು ಐಗಳು. ಊರ ಗುಡಿಯ ಪೌಳಿಯಲ್ಲಿಯೋ ಯಾರದೋ ಮನೆಯ ಜಗಲಿಯ ಮೇಲೆಯೋ ಹತ್ತಿಪ್ಪತ್ತು ಹುಡುಗರು ಕೂಡುವರು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತೀಡುವರು. ಮಗ್ಗಿಯನ್ನು ಕೂಗಿ ಒಪ್ಪಿಸುವರು. ಕೈ ಪಳಗಿದ ಮೇಲೆ ಕಡತದಲ್ಲಿ ಬರೆಯುವರು. ಇದರ ಒಂದು ಒಳ್ಳೆಯ ವರ್ಣನೆಯನ್ನು ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ ಎಂಬವನು ೧೮೨೩ರಲ್ಲಿ ಮದ್ರಾಸಿನ ಸರಕಾರಕ್ಕೆ ಬರೆದ ವರದಿಯಲ್ಲಿ ಕೊಟ್ಟಿದ್ದಾನೆ. ಅವನ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಆ ಶಾಲೆಗಳಲ್ಲಿ ೨೩೫ ಕನ್ನಡದವು.

ಬೆಳಿಗ್ಗೆ ಮಠಕ್ಕೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುವರಂತೆ. ಅದು ಅವನಿಗೆ ಮರ್ಯಾದೆ. ಎರಡನೆಯವನ ಅಂಗೈಯಲ್ಲಿ ಸೊನ್ನೆ. ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬರಬರುತ್ತ ಏರಿಕೆ. ಎಲ್ಲರಿಗಿಂತ ತಡವಾಗಿ ಬಂದವನ ಅವಸ್ಥೆಯನ್ನು ವಾಚಕರೇ ಲೆಕ್ಕಹಾಕಬಹುದು. ಸೋಮಾರಿಯಾದವನಿಗೆ ಛಡಿಯ ಪೆಟ್ಟು; ಅಷ್ಟಕ್ಕೆ ಬಗ್ಗದಿದ್ದರೆ ಎರಡೂ ಕೈಗಳನ್ನು ಹಗ್ಗಕ್ಕೆ ಕಟ್ಟಿ ಜಂತಿಯಿಂದ ತೂಗುಹಾಕುವದು; ಇಲ್ಲವೆ ಕೂತು ಎದ್ದು, ಕೂತು ಎದ್ದು, ಸಾಕೆನ್ನುವ ವರೆಗೆ ಬಸ್ಕಿ. ಜಂತಿಗೆ ತೂಗುವ ಶಿಕ್ಷೆಗೆ ನಮ್ಮಲ್ಲಿ ಕೋದಂಡವೆಂದು ಹೆಸರಿದ್ದಿತು. ಮಠವನ್ನು ತಪ್ಪಿಸಿ ಮರವೇರಿ ಕೂತವನನ್ನು ನಾಲ್ವರು ಹುಡುಗರು ಕೈಕಾಲು ಹಿಡಿದು ಹೊತ್ತು ತರುವದಂತೂ ಎಲ್ಲ ಊರುಗಳಲ್ಲಿಯೂ ಇದ್ದ ನೋಟ.

ಇದನ್ನು ಓದಿ ಐಗಳನ್ನು ಬರಿಯ ಕಟುಕರೆಂದು ತಿಳಿಯಕೂಡದು. ಅದೇ ಕ್ಯಾಂಪ್‌ಬೆಲ್ ಅದೇ ವರದಿಯಲ್ಲಿ ಈ ಶಾಲೆಗಳ ಒಂದು ಪದ್ಧತಿಯನ್ನು ಮನಸಾರೆ ಮೆಚ್ಚಿದ್ದಾನೆ. ಮುಂದೆ ಕಲಿತ ಹುಡುಗರು ಹಿಂದಿನವರಿಗೆ ಕಲಿಸುವದೇ ಆ ಪದ್ಧತಿ. ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಬಾಲಕರ ಶಾಲೆಯನ್ನು ೧೭೮೯ರಿಂದ ನೋಡಿಕೊಳ್ಳುತ್ತಿದ್ದ ಡಾಕ್ಟರ್ ಆಂಡ್ರೂ ಬೆಲ್ ಎಂಬ ಪಾದ್ರಿಗಳು ಇಲ್ಲಿಯ ಮಕ್ಕಳು ಮರಳಿನಲ್ಲಿ ಬರೆಯುವದನ್ನು ನೋಡಿ ತಮ್ಮಲ್ಲಿಯೂ ಹಾಗೆ ಮಾಡಿಸಹೋದರು. ಅವರ ಕೈಕೆಳಗಿನ ದೊಡ್ಡ ಉಪಾಧ್ಯಾಯರು ಇದಕ್ಕೆ ಒಗ್ಗದೆ ಹೋದಾಗ, ಎಂಟು ವರ್ಷದ ಒಬ್ಬ ಹುಡುಗನನ್ನೇ ಕಲಿಸಲು ನಿಲ್ಲಿಸಿದರು, ಕೆಲಸ ಸಾಗಿತು. ತಪ್ಪುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ವಾರಕ್ಕೊಮ್ಮೆ ಹುಡುಗರ ಪಂಚಾಯತಿಯ ಮುಂದೆಯೇ ಅವುಗಳ ನ್ಯಾಯವನ್ನು ತೀರಿಸುವ ಏರ್ಪಾಡನ್ನೂ ಅವರು ಮಾಡಿದ್ದರು. ಮುಂದೆ ಇದು ಮದ್ರಾಸ್ ಪದ್ಧತಿಯೆಂಬ ಹೆಸರಿನಿಂದ ಇಂಗ್ಲಂಡಿನಲ್ಲಿ ಹಬ್ಬಿತು. ನಮ್ಮ ಶಾಲೆಯಲ್ಲಿ ಕ್ಲಾಸಿನ ಮಾನಿಟರಳಾಗಿ ಹೆಸರು ಬರೆದುಕೊಟ್ಟು ಗೆಳತಿಯರ ಕೋಪಕ್ಕೆ ಗುರಿಯಾದವರು, ತಮ್ಮ ಆ ಅಧಿಕಾರದ ಬೇರು ನಮ್ಮ ನಾಡಿನ ಜಗಲಿಯ ಶಾಲೆಯಲ್ಲಿಯೇ ಇದ್ದಿತೆಂದು ಸಮಾಧಾನಪಡಬಹುದು.

ಬಳ್ಳಾರಿಯ ಲೆಕ್ಕದಲ್ಲಿ ನಮ್ಮ ಮನಸ್ಸನ್ನು ಚುಚ್ಚುವ ಅಂಕಿ ಇನ್ನೊಂದಿದೆ. ಆ ಆರು ಸಾವಿರದ ಮೇಲ್ಪಟ್ಟ ಮಕ್ಕಳಲ್ಲಿ ಹೆಣ್ಣುಮಕ್ಕಳು ಅರುವತ್ತೇ ಮಂದಿ. ಸೋಂದೆಯ ಸೀಮೆಯನ್ನೊಳಗೊಂಡ ಅಂದಿನ ಕನ್ನಡ ಜಿಲ್ಲೆಯಿಂದಲಂತೂ ಅಂಥ ಪಟ್ಟಿಯೇ ಹೋಗಲಿಲ್ಲ. ಇಲ್ಲಿ ಮಕ್ಕಳ ಓದು ಮನೆಗಳಲ್ಲಿಯೇ ಖಾಸಗಿಯಾಗಿ ನಡೆಯುವದರಿಂದ ನೆಲೆಯಾದ ಶಾಲೆಗಳೆಂಬವೇ ಇಲ್ಲವೆಂದು ಇಲ್ಲಿಯ ಕಲೆಕ್ಟರನು ಬರೆದು ಮುಗಿಸಿದನು. ತೋಟದ ನಡುವೆ ಒಂದೊಂದು ಮನೆ, ಮನೆಗೂ ಮನೆಗೂ ನಡುವೆ ಕಾಡು. ಇಂಥ ನಾಡಿಗೆ ಆ ಮಾತು ಒಪ್ಪುವಂತೆಯೇ ಇದೆ.

ಈಗ ಮರಳಿ ಧಾರವಾಡಕ್ಕೆ ಹೋಗೋಣ. ಕೂಲಿಮಠದ ಶಿಕ್ಷೆಗಳು ಕಠಿನವಾಗಿದ್ದರೂ ಐಗಳ ನುಡಿ ಮಗುವಿನ ನುಡಿಯೇ ಆಗಿದ್ದಿತು. ಐಗಳಿಗೆ ಹುಡುಗನ ಅಪ್ಪ ಗೊತ್ತು, ಅಜ್ಜ ಗೊತ್ತು, ಮನೆಯಲ್ಲಿ ಎಮ್ಮೆ ಕರು ಹಾಕಿದ ಸುದ್ದಿಯೂ ಗೊತ್ತು. ಹೊಸ ಮರಾಠಿ ಶಾಲೆಯಲ್ಲಿ ಛಡಿ ಉಳಿಯಿತು. ನುಡಿಯ ಗೆಳೆತನ ಹೋಯಿತು. ಕೇಳಿದ್ದು ತಿಳಿಯದ ಮಗು ಒಂದೋ ಮೂಕವಾಗಿ ಕೂಡುವದು, ಇಲ್ಲವೆ ಪಕ್ಕದವನನ್ನು ಚಿವುಟುವದು. ಮೊದಲನೆಯದಕ್ಕೆ ದಡ್ಡನೆಂದು ಪೆಟ್ಟು, ಎರಡನೆಯದಕ್ಕೆ ತುಂಟನೆಂದು ಪೆಟ್ಟು. ಶಾಲೆಯ ಶಿಸ್ತಿನ ಪ್ರಶ್ನೆಯು ಅರ್ಧಕ್ಕಿಂತ ಹೆಚ್ಚಾಗಿ ತಿಳಿವಳಿಕೆಯ ಪ್ರಶ್ನೆಯೆಂಬದು ನಮ್ಮ ಅಭಿಪ್ರಾಯ. ಚನ್ನಬಸಪ್ಪನವರ ಜೀವಿತವನ್ನು ಈ ಕಡೆಯಿಂದ ನೋಡಿದಾಗಲೇ ಅದು ನಮಗೆ ಪೂರ್ಣವಾಗಿ ತಿಳಿಯಿತು. ಕನ್ನಡಕ್ಕಾಗಿ ಅವರು ಮಾಡಿದ ಹೋರಾಟವನ್ನು ಭಾಷಾಭಿಮಾನದ ಕತೆಯೆಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಅದು ಮಕ್ಕಳ ಬೆನ್ನನ್ನು ಕಾಯ್ದ ಕತೆಯೂ ಹೌದು.

೧೮೫೪ರಲ್ಲಿ ವಿಲಾಯತಿಯಿಂದ ಚಾರ್ಲ್ಸ್ ವುಡ್ಡನ ಹೆಸರಿನ ಆಜ್ಞಾಪತ್ರವು ಬಂದಿತು. ಶಾಲೆಗಳನ್ನು ಹೆಚ್ಚಿಸಿದರೆ ಸಾಲದು, ಕಲಿಸುವವರನ್ನು ಮೊದಲು ಸಿದ್ಧಮಾಡಬೇಕು, ಅದಕ್ಕಾಗಿ ಬೇರೆ ಶಾಲೆಗಳನ್ನು ತೆರೆದು ಕಲಿಯುವವರಿಗೆ ವೇತನವನ್ನೂ ಕೊಡಬೇಕು ಎಂದು ಅದರಲ್ಲಿ ವಿಧಿಸಿದ್ದರು. ಇಂಥ ಶಾಲೆಗೆ ನಾರ್ಮಲ್ ಸ್ಕೂಲೆಂದು ಹೆಸರು. ಫ್ರಾನ್ಸ್ ದೇಶದ ಆ ಹೆಸರಿನ ಅರ್ಥ ಮಾದರಿಯ ಶಾಲೆಯೆಂದು. ಹೇಗೆ ಕಲಿಸಬೇಕೆಂಬದಕ್ಕೆ ಅದು ಅಳತೆಗೋಲು. ಆ ಬಳಿಕದ ವರ್ಷಗಳಲ್ಲಿ ಧಾರವಾಡದಲ್ಲಿಯೂ ಒಂದು ನಾರ್ಮಲ್ ಸ್ಕೂಲು ನಡೆಯತೊಡಗಿತು. ೧೮೬೦ರ ಆಚೀಚೆಗೆ, ಇನ್ನೂ ಮೂವತ್ತು ತುಂಬದ ಚನ್ನಬಸಪ್ಪನವರು ಅದರ ಮುಖ್ಯಾಧ್ಯಾಪಕರಾದರು. ದಕ್ಷಿಣ ಭಾಗದ ವಿದ್ಯಾಧಿಕಾರಿಗಳಾಗಿದ್ದ ರಸೆಲ್ ಸಾಹೇಬರು ಕನ್ನಡ ಮಕ್ಕಳಿಗೆ ಕನ್ನಡದಲ್ಲಿಯೇ ಶಿಕ್ಷಣವಾಗಬೇಕೆಂಬ ಮನಸ್ಸಿನವರು. ಮೇಲಿನ ಅಧಿಕಾರಿಯ ಒಲವೂ ಕೆಳಗಿನ ಅಧ್ಯಾಪಕನ ಹಟವೂ ಒಂದೇ ದಿಕ್ಕಿಗೆ ತಿರುಗುವದು ಸರಕಾರಿ ಚಾಕರಿಯಲ್ಲಿ ಅಪರೂಪ. ಧಾರವಾಡದ ಭಾಗ್ಯದಿಂದ ಅಂದು ಅದು ಕೂಡಿಬಂದಿತು. ಮರಾಠಿ ಶಾಲೆಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಹೊಸ ಕನ್ನಡ ಶಾಲೆಗಳು ತೆರೆದವು.

ಶಾಲೆ ತೆರೆಯುವದು ಒಂದು ಹುಕುಮಿನ ಕೆಲಸ. ಮಾಸ್ತರನನ್ನು ತಯಾರಿಸುವದು ಹಾಗಲ್ಲ. ಇಂಥ ಶಾಲೆಗೆ ಬರುತ್ತಿದ್ದವರು ಹಳ್ಳಿಯ ಯುವಕರು. ಅವರು ಕಂಡಿದ್ದ ಶಾಲೆಯೆಂದರೆ ತಾವು ಪೆಟ್ಟು ತಿಂದ ಶಾಲೆ. ಗುರುವೆಂದರೆ ತಮ್ಮನ್ನು ಹೊಡೆದವನು. ಮನುಷ್ಯನು ತನಗೆ ಕಲಿಸಿದಂತೆಯೇ ಇನ್ನೊಬ್ಬರಿಗೆ ಕಲಿಸುವನು. ಓದಿದ ಉಪದೇಶಗಳನ್ನು ತರಗತಿಯ ಗದ್ದಲದಲ್ಲಿ ಮರೆತು ತನ್ನ ಬಾಲ್ಯದ ಮಾಸ್ತರನೇ ಆಗಿಬಿಡುವನು. ಈ ಸರಪಳಿಯನ್ನು ಕಡಿಯುವದಕ್ಕಾಗಿಯೇ ನಾರ್ಮಲ್ ಸ್ಕೂಲುಗಳಿಗೆ ತಾಗಿ ಮಕ್ಕಳ ಅಭ್ಯಾಸದ ಶಾಲೆಯೊಂದನ್ನು ಇಡುವ ಪದ್ಧತಿಯು ಎಲ್ಲ ದೇಶಗಳಲ್ಲಿಯೂ ಬಂದಿತು. ಕಲಿಯುವ ಮಾಸ್ತರನು ಅಲ್ಲಿ ನಿಜವಾದ ಮಕ್ಕಳ ಮುಂದೆ ಪಾಠ ಹೇಳಬೇಕು. ಜೊತೆಯವರೂ ಗುರುಗಳೂ ಹಿಂದೆ ಕೂತು ನೋಡುವರು. ಪಾಠ ಮುಗಿದ ಮೇಲೆ ಎಲ್ಲಿ ತಪ್ಪಿತೆಂದು ಎತ್ತಿ ಆಡುವರು. ಮುಖವನ್ನು ಕರೀ ಹಲಗೆಯ ಕಡೆಗೆ ಮಾಡಿ ಎಷ್ಟು ಹೊತ್ತು ನಿಂತೆ, ಹಿಂದಿನ ಸಾಲಿನ ಹುಡುಗನ ಕಡೆಗೆ ಒಮ್ಮೆಯಾದರೂ ನೋಡಿದೆಯಾ, ಪ್ರಶ್ನೆಯನ್ನು ಕೇಳಿದ ಮೇಲೆ ಹೆಸರನ್ನು ಹಿಡಿದು ಕರೆದೆಯೋ ಹೆಸರನ್ನು ಕರೆದ ಮೇಲೆ ಪ್ರಶ್ನೆಯನ್ನು ಕೇಳಿದೆಯೋ. ಹೊರಗಿನವರಿಗೆ ಇವು ಅಲ್ಪ ಸಂಗತಿಗಳು. ಹೆಸರನ್ನು ಮೊದಲೇ ಕೂಗಿದರೆ ಉಳಿದ ಮೂವತ್ತೊಂಬತ್ತು ಮಕ್ಕಳಿಗೆ ರಜೆ ಕೊಟ್ಟಂತೆ. ಪ್ರಶ್ನೆ ಮೊದಲು ಬಂದರೆ ಎಲ್ಲರೂ ಉತ್ತರವನ್ನು ಹುಡುಕುವರು. ಇಂಥ ಹತ್ತು ಹಿಡಿತಗಳು ಕೈಗೆ ಬಂದವನು ಛಡಿಯನ್ನು ಮೇಜಿನ ಮೇಲೆ ಇಟ್ಟು ಮರೆಯುವನು.

ಈ ಮಾತನ್ನು ನಾವು ಪುಸ್ತಕದಿಂದ ಹೇಳುತ್ತಿಲ್ಲ. ಶಿಕ್ಷಕವೃತ್ತಿಗೆ ಸೇರಿದ ಮೊದಲನೆಯ ವರ್ಷ ಮಲೆನಾಡಿನ ಒಂದು ಶಾಲೆಯಲ್ಲಿ ನಮ್ಮಿಂದ ನಡೆದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವದು ಒಳ್ಳೆಯದು. ದಶಂಬರದ ದಿನಗಳು. ಎರಡನೆಯ ಸಾಲಿನ ಹುಡುಗಿಯೊಬ್ಬಳು ಮೂರು ದಿನ ಎಡೆಬಿಡದೆ ಪಾಠದ ಹೊತ್ತಿಗೆ ತೂಕಡಿಸಿದಳು. ಮೊದಲನೆಯ ದಿನ ಗದರಿಸಿದೆವು. ಎರಡನೆಯ ದಿನ ನಿಲ್ಲಿಸಿದೆವು. ಮೂರನೆಯ ದಿನ ಅಂಗೈಗೆ ಅಳತೆಪಟ್ಟಿಯಿಂದ ಹೊಡೆದೆವು. ಅವಳು ಅಳಲಿಲ್ಲ, ಕೈಯನ್ನು ಮಡಿಸಿಕೊಂಡು ಕೂತಳು. ಆ ಅಂಗೈ ಅಡಿಕೆಯ ಚೊಗರಿನಿಂದ ಕಪ್ಪಾಗಿದ್ದುದನ್ನು ಹೊಡೆದ ಮೇಲೆ ಕಂಡೆವು. ಕೊನೆಕೊಯ್ಲಿನ ಕಾಲವದು, ಮನೆಮಂದಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ನಡುರಾತ್ರಿಯ ವರೆಗೆ ಅಡಿಕೆ ಸುಲಿಯುವರು, ಅವಳು ಅಪ್ಪ ಅಮ್ಮಂದಿರ ಜೊತೆಗೆ ಸುಲಿದು ಬರುತ್ತಿದ್ದಳು. ತರಗತಿಯಲ್ಲಿ ಅದು ತಿಳಿಯದಿದ್ದವರು ನಾವೊಬ್ಬರೇ. ನಮಗೆ ತರಬೇತಿಯ ಪ್ರಮಾಣಪತ್ರವಿದ್ದಿತು. ಕೇಳುವ ಬುದ್ಧಿ ಇರಲಿಲ್ಲ. ಆ ಪಟ್ಟಿಯನ್ನು ಮತ್ತೆ ಗೆರೆ ಎಳೆಯುವದಕ್ಕಲ್ಲದೆ ಬೇರೆ ಕೆಲಸಕ್ಕೆ ನಾವು ಬಳಸಲಿಲ್ಲ. ಆದರೆ ಆ ಹುಡುಗಿಯ ಹತ್ತಿರ ತಪ್ಪಾಯಿತೆಂದು ಹೇಳುವ ಧೈರ್ಯವು ಆ ವರ್ಷ ಬರಲಿಲ್ಲ, ಮರುವರ್ಷ ಅವಳು ಶಾಲೆಗೆ ಬರಲಿಲ್ಲ.

ಚರಿತ್ರಕ್ಕೆ ತಿರುಗೋಣ. ಮೊದಲು ಮದ್ರಾಸ್ ಇಲಾಖೆಯಲ್ಲಿದ್ದ ಉತ್ತರ ಕನ್ನಡವನ್ನು ೧೮೬೨ರಲ್ಲಿ ಮುಂಬಯಿ ಇಲಾಖೆಗೆ ಸೇರಿಸಿದರು. ಇದಕ್ಕೆ ಕಾರಣ ವಿದ್ಯೆಯಲ್ಲ, ಹತ್ತಿ. ಧಾರವಾಡದ ಹತ್ತಿಯನ್ನು ಕಡಲಿಗೆ ಇಳಿಸಲು ಕಾರವಾರದ ಬಂದರು ಬೇಕಾಗಿತ್ತು; ಬಯಲುಸೀಮೆಯೂ ಕರಾವಳಿಯೂ ಒಂದೇ ಸರಕಾರದ ಕೆಳಗಿದ್ದರೆ ದಾರಿ, ಬಂದರುಗಳ ಕೆಲಸ ಸುಲಭವೆಂದು ವಿಲಾಯತಿಯ ಗಿರಣಿಯ ಸಾಹುಕಾರರು ಒತ್ತಾಯಪಡಿಸಿದ್ದರು. ಅದಕ್ಕಿಂತ ಮೊದಲೇ ಹತ್ತಿಯ ಬಂಡಿಗಳು ಶಿರಸಿಯ ಮೇಲಿಂದ ದೇವಿಮನೆ ಘಟ್ಟವನ್ನು ಇಳಿದು ಕುಮಟೆಗೆ ಹೋಗುತ್ತಿದ್ದವು. ಧಾರವಾಡದಲ್ಲಿ ಬೆಳೆದ ಹತ್ತಿಗೆ ಪೇಟೆಯಲ್ಲಿ ಕುಮಟೆಯ ಹತ್ತಿಯೆಂದೇ ಹೆಸರಾಗಿದ್ದಿತು. ಹತ್ತಿಗಾಗಿ ಮಾಡಿದ ಈ ಏರ್ಪಾಡಿನಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಶಾಲೆಗಳು ಧಾರವಾಡದ ಶಾಲೆಗಳಿದ್ದ ವಿದ್ಯಾಖಾತೆಯ ಕೆಳಗೇ ಬಂದವು. ಬಂಡಿಗಳು ಹತ್ತಿಯನ್ನು ಇಳಿಸುತ್ತ ಬಂದ ದಾರಿಯಲ್ಲಿಯೇ ಮಾಸ್ತರರೂ ಬಂದರು. ನಮ್ಮ ಕಡೆಯ ಹುಡುಗರು ಅದೇ ದಾರಿಯಲ್ಲಿ ಟ್ರೇನಿಂಗಿಗೆಂದು ಮೇಲಕ್ಕೆ ಹೋದರು.

ಬಯಲುಸೀಮೆಯ ಮಾಸ್ತರನಿಗೆ ಮಲೆನಾಡು ಒಂದು ಪರೀಕ್ಷೆಯೇ ಸರಿ. ಅವನ ಗಂಡುಮೆಟ್ಟಿನ ಮಾತು ಇಲ್ಲಿಯ ಮಕ್ಕಳಿಗೆ ಜಗಳದಂತೆ ಕೇಳಿಸುವದು. ಇಲ್ಲಿಯ ಹವ್ಯಕರ ಮಾತೂ ಕೊಂಕಣಿಯೂ ಅವನಿಗೆ ಅರ್ಧ ತಿಳಿದರೆ ಹೆಚ್ಚು. ಮಳೆಗಾಲದಲ್ಲಿ ಹಳ್ಳ ಬಂದರೆ ಆಚೆಯ ಮಕ್ಕಳು ಬರುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆಯ ಜಾತ್ರೆ ಬಂದರೆ ವಾರಗಟ್ಟಲೆ ಹಾಜರಿಯ ಪುಸ್ತಕದಲ್ಲಿ ಸೊನ್ನೆಗಳೇ. ಒಂದೇ ಕೋಣೆಯಲ್ಲಿ ನಾಲ್ಕು ಇಯತ್ತೆಗಳು, ಒಬ್ಬನೇ ಮಾಸ್ತರ. ಒಂದು ಇಯತ್ತೆಗೆ ಲೆಕ್ಕವನ್ನು ಹಾಕಿಕೊಟ್ಟು, ಇನ್ನೊಂದಕ್ಕೆ ಕಾಪಿಯನ್ನು ಬರೆಯಹಚ್ಚಿ, ಮೂರನೆಯದನ್ನು ಓದಿಸುತ್ತ, ನಾಲ್ಕನೆಯ ಸಣ್ಣವರು ಹೊರಗೆ ಓಡದಂತೆ ನೋಡಿಕೊಳ್ಳುವ ಈ ವಿದ್ಯೆಗೆ ಪುಸ್ತಕದ ಪಾಂಡಿತ್ಯವು ಸ್ವಲ್ಪವೇ ಸಹಾಯಕ. ಇಲ್ಲಿಯೂ ಹಳೆಯ ಮಠದ ಉಪಾಯವೇ ಕೈಹಿಡಿಯುತ್ತಿತ್ತು. ಮೇಲಿನ ಇಯತ್ತೆಯ ಜಾಣ ಹುಡುಗನು ಕೆಳಗಿನವರಿಗೆ ಮಗ್ಗಿ ಹೇಳಿಸುತ್ತಿದ್ದನು.

ಟ್ರೇನಿಂಗ್ ಮುಗಿಸಿ ಕಾಡಿನ ಊರಿಗೆ ಹೋದ ಮಾಸ್ತರನು ಒಂಟಿ. ಸಂದೇಹ ಬಂದರೆ ಕೇಳಲು ಜೊತೆಯವರಿಲ್ಲ. ಎರಡು ವರ್ಷದಲ್ಲಿ ಕಲಿತದ್ದು ಮಾಸಿ ಅವನು ತನ್ನ ಬಾಲ್ಯದ ಛಡಿಯನ್ನೇ ಮತ್ತೆ ಕೈಗೆತ್ತಿಕೊಳ್ಳುವ ಭಯ. ಇದಕ್ಕೆ ಮದ್ದೆಂಬಂತೆ ೧೮೬೫ರಲ್ಲಿ ಧಾರವಾಡದಿಂದ ಶಿಕ್ಷಕರಿಗಾಗಿಯೇ ಒಂದು ಮಾಸಪತ್ರಿಕೆ ಹೊರಟಿತು. ಅದರ ಹಿಂದೆ ಇದ್ದವರು ಚನ್ನಬಸಪ್ಪನವರು. ಪತ್ರಿಕೆಗೆ ಅವರು ಇಟ್ಟ ಹೆಸರು ಮಠಪತ್ರಿಕೆ. ಇಂದಿನವರು ಈ ಹೆಸರನ್ನು ಕೇಳಿ ಯಾವುದೋ ಸ್ವಾಮಿಗಳ ಮಠದ ಪತ್ರಿಕೆಯೆಂದು ತಿಳಿದಾರು. ಮಠವೆಂದರೆ ಶಾಲೆ, ಐಗಳ ಕೂಲಿಮಠದ ಮಠ. ಇಂಗ್ಲಿಷ್ ಕಲಿತು, ಪುಣೆಯನ್ನು ಕಂಡು, ಸರಕಾರದ ಹೊಸ ಪದ್ಧತಿಯನ್ನು ನಡೆಸುತ್ತಿದ್ದ ಮನುಷ್ಯನು ತನ್ನ ಪತ್ರಿಕೆಗೆ ಜನರ ಹಳೆಯ ಮಾತನ್ನೇ ಆರಿಸಿಕೊಂಡುದು ನಮಗೆ ಬಹಳ ಹಿಡಿಸುವದು. ಐಗಳನ್ನು ಹೀಯಾಳಿಸಿ ಹೊಸ ಮಾಸ್ತರನನ್ನು ಮೆರೆಸುವ ಮನಸ್ಸು ಅಲ್ಲಿ ಕಾಣುವದಿಲ್ಲ. ಟಪ್ಪಾಲಿನವನು ಮಳೆಯಲ್ಲಿ ನೆನೆದು ತಂದುಕೊಡುವ ನಾಲ್ಕು ಹಾಳೆಗಳು ಹಳ್ಳಿಯ ಮಾಸ್ತರನಿಗೆ ಎಂಥ ಸಂಗಾತವೆಂಬದನ್ನು, ಒಂಟಿಯಾಗಿ ಶಾಲೆ ನಡೆಸಿದವರೇ ಬಲ್ಲರು.

ಮುಂದೆ ಅವರು ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾದರು. ಈ 'ಡೆಪ್ಯುಟಿ' ಎಂಬ ಪದವಿ ಅವರ ಹೆಸರಿಗೆ ಹೇಗೆ ಅಂಟಿತೆಂದರೆ ಅವರು ಗತಿಸಿ ನೂರು ವರ್ಷಗಳಾದ ಮೇಲೆಯೂ ಕನ್ನಡಿಗರು ಅದಿಲ್ಲದೆ ಅವರ ಹೆಸರನ್ನು ಹೇಳುವದಿಲ್ಲ. ಎಷ್ಟೋ ಡೆಪ್ಯುಟಿಗಳು ಬಂದು ಹೋದರು. ಕನ್ನಡಿಗರ ಬಾಯಲ್ಲಿ ಆ ಹೆಸರಿನಿಂದ ಉಳಿದವರು ಅವರೊಬ್ಬರೇ. ಡೆಪ್ಯುಟಿ ಸಾಹೇಬರು ಬರುವ ದಿನವೆಂದರೆ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗಿಂತ ಮಾಸ್ತರನಿಗೇ ನಡುಕ. ಸೆಗಣಿಯಿಂದ ನೆಲವನ್ನು ಸಾರಿಸಿ, ಬಾಗಿಲಿಗೆ ತೋರಣ ಕಟ್ಟಿ, ಜಾಣ ಹುಡುಗರನ್ನು ಮುಂದೆ ಕೂಡಿಸುವ ಈ ನಾಟಕವನ್ನು ಇಂದಿನ ಶಿಕ್ಷಕಿಯರೂ ಅರಿಯದವರಲ್ಲ. ತನಿಖೆಗೆ ಬಂದವನು ತಾನೇ ಮಾಸ್ತರರನ್ನು ತಯಾರಿಸಿದವನಾಗಿದ್ದರೆ ಅವನ ಕಣ್ಣು ಮುಂದಿನ ಸಾಲಿನಲ್ಲಿ ನಿಲ್ಲುವದಿಲ್ಲವೆಂಬದೇ ವಿಶೇಷ.

ಅವರ ಸಾಹಿತ್ಯದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸುವೆವು. ಶೇಕ್ಸ್‌ಪಿಯರನ ತಪ್ಪುಗಳ ತಮಾಷೆಯ ನಾಟಕವನ್ನು ಅವರು ಕನ್ನಡಕ್ಕೆ ತಂದು 'ನಗದವರನ್ನು ನಗಿಸುವ ಕಥೆ' ಎಂದು ಹೆಸರಿಟ್ಟರು. ಆ ಕವಿಯು ಕನ್ನಡದಲ್ಲಿ ಮೊದಮೊದಲು ಮಾತಾಡಿದ್ದು ಅದರಲ್ಲಿಯೇ. ಮಕ್ಕಳನ್ನು ಅಂಕೆಯಲ್ಲಿಡುವದನ್ನು ಕಲಿಸುವ ಗುರುವಿನ ಕೈಯಿಂದ ನಗಿಸುವ ಪುಸ್ತಕ ಹುಟ್ಟಿದುದು ನಮಗೆ ಸೋಜಿಗವೆನಿಸುವದಿಲ್ಲ. ನಗು ಬಾರದ ಮಾಸ್ತರನ ತರಗತಿಯಲ್ಲಿ ಶಾಂತಿ ಇರಬಹುದು, ಆದರೆ ಅದು ಬೆಕ್ಕು ಬಂದ ಮನೆಯ ಇಲಿಗಳ ಶಾಂತಿ. ಅದೇ ಕಾಲದಲ್ಲಿ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನೂ, ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಾದಂಬರಿಯನ್ನೂ ಕನ್ನಡಿಸಿದರು. ವೆಂಕಟ ರಂಗೋ ಕಟ್ಟಿಯವರು ಪುಸ್ತಕದ ಮೇಲೆ ಪುಸ್ತಕ ಬರೆದರು. ಕನ್ನಡದಲ್ಲಿ ಕಲಿಸಬೇಕೆಂದ ಮೇಲೆ ಓದಲು ಕನ್ನಡದಲ್ಲಿ ಪುಸ್ತಕ ಬೇಡವೇ? ಆ ಕೊರತೆಯನ್ನು ತುಂಬಲು ಅಂದಿನ ಧಾರವಾಡವು ಹೀಗೆ ಟೊಂಕ ಕಟ್ಟಿ ನಿಂತಿತು.

ಹೆಣ್ಣುಮಕ್ಕಳ ಓದಿನ ವಿಷಯದಲ್ಲಿಯೂ ಅವರಿಗೆ ಆಸ್ಥೆಯಿದ್ದಿತು. ಆದರೆ ಆ ಕೆಲಸದ ದೊಡ್ಡ ತೊಡಕು ಹೆಣ್ಣು ಶಿಕ್ಷಕರದೇ. ಪಾಲಕರು ಮಗಳನ್ನು ಶಾಲೆಗೆ ಕಳಿಸಲು ಒಪ್ಪಿದರೂ ಗಂಡು ಮಾಸ್ತರನ ಕೈಯಲ್ಲಿ ಕೊಡಲು ಹಿಂಜರಿಯುವರು. ಕಲಿಸಬಲ್ಲ ಹೆಂಗಸರು ಬೇಕಾದರೆ ಮೊದಲು ಕಲಿತ ಹುಡುಗಿಯರು ಬೇಕು. ಹುಡುಗಿಯರು ಕಲಿಯಬೇಕಾದರೆ ಮೊದಲು ಹೆಣ್ಣು ಶಿಕ್ಷಕರು ಬೇಕು. ಈ ಗಂಟನ್ನು ಬಿಡಿಸುವದರಲ್ಲಿ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಮಿಶನ್ನಿನ ಹೆಣ್ಣುಮಕ್ಕಳ ಶಾಲೆಗಳು ಪಟ್ಟ ಪಾಡನ್ನು ಹಳೆಯ ವಿದ್ಯಾರ್ಥಿನಿಯರಿಗೆ ನಾವು ಹೇಳಬೇಕಾಗಿಲ್ಲ. ಅವರಲ್ಲಿ ಅನೇಕರು ತಾವೇ ಶಿಕ್ಷಕಿಯರಾಗಿ ಆ ಗಂಟನ್ನು ಬಿಡಿಸಿದವರು.

ಚನ್ನಬಸಪ್ಪನವರ ಕೆಲಸದಿಂದ ಶಾಲೆಗಳಲ್ಲಿ ಪೆಟ್ಟು ನಿಂತುಹೋಯಿತೆಂದು ಹೇಳಿದರೆ ಅದು ಸುಳ್ಳಾಗುವದು. ಟ್ರೇನ್ಡ್ ಮಾಸ್ತರರೂ ಹೊಡೆದರು. ಕೆಲವರು ಐಗಳಿಗಿಂತ ಜೋರಾಗಿಯೇ ಹೊಡೆದರು. ನಮ್ಮ ಅಜ್ಜಂದಿರು ಒಂದೇ ಉಸಿರಿನಲ್ಲಿ ಮಾಸ್ತರರ ಟ್ರೇನಿಂಗನ್ನೂ ಅವರ ಛಡಿಯನ್ನೂ ಹೊಗಳುತ್ತಿದ್ದರು. ಮಗನ ಕಣ್ಣೆರಡನ್ನು ಬಿಟ್ಟು ಉಳಿದುದನ್ನೆಲ್ಲ ನೀವೇ ನೋಡಿಕೊಳ್ಳಿರೆಂದು ಒಪ್ಪಿಸಿ ಹೋಗುವ ತಂದೆಯರು ಎಲ್ಲ ಊರುಗಳಲ್ಲಿಯೂ ಇದ್ದರು. ಮಕ್ಕಳಿಗೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಕೂಡದೆಂದು ನಮ್ಮ ದೇಶದ ಕಾಯದೆ ಸ್ಪಷ್ಟವಾಗಿ ಹೇಳಿದುದು ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯಲ್ಲಿ. ಅದು ಜಾರಿಗೆ ಬಂದುದು ೨೦೧೦ರ ಎಪ್ರಿಲಿನಲ್ಲಿ. ಕಾಯದೆಯು ಛಡಿಯನ್ನು ಕಸಿದುಕೊಂಡಿತು. ಅದರ ಬದಲಿಗೆ ಕೈಗೆ ಏನನ್ನು ಕೊಡಬೇಕೆಂಬದು ಮಾತ್ರ ತರಬೇತಿಯ ಕೆಲಸ. ಜೂನ್ ತಿಂಗಳ ಹೊಸ ಶಿಕ್ಷಕಿಯು ಕೇಳುವ ಪ್ರಶ್ನೆ ಇದೇ. ಪಾಠವನ್ನು ಮೊದಲು ನೀನು ಅರಗಿಸಿಕೋ, ಮಗುವಿನ ಮಾತಿನಲ್ಲಿ ಹೇಳು, ಹಿಂದಿನ ಸಾಲನ್ನು ಮರೆಯಬೇಡ, ಹೊಡೆಯುವ ಮೊದಲು ಅಂಗೈಯನ್ನು ನೋಡು ಎಂದು ನಾವು ಅವಳಿಗೆ ಹೇಳುತ್ತೇವೆ. ಪೂರಾ ನಂಬಿಕೆ ಬಾರದ ಮುಖದಿಂದ ಅವಳು ತರಗತಿಗೆ ಹೋಗುತ್ತಾಳೆ. ನಾವೂ ಹಾಗೆಯೇ ಹೋಗಿದ್ದೆವು.

ಚನ್ನಬಸಪ್ಪನವರು ೧೮೮೧ರಲ್ಲಿ, ಐವತ್ತು ತುಂಬುವದರೊಳಗೇ, ತೀರಿಕೊಂಡರು. ಒಂಬತ್ತು ವರ್ಷಗಳ ಬಳಿಕ, ೧೮೯೦ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು; ಕನ್ನಡ ಶಾಲೆಯಲ್ಲಿ ಕಲಿತ ಒಂದು ತಲೆಮಾರು ಅಷ್ಟರಲ್ಲಿ ಬೆಳೆದು ನಿಂತಿತ್ತು. ಅವರ ಪತ್ರಿಕೆ ಶಾಲಾಪತ್ರಿಕೆಯಾಗಿ, ಅನಂತರ ಜೀವನ ಶಿಕ್ಷಣವಾಗಿ, ಹೆಸರು ಬದಲಿಸುತ್ತ ನೂರು ವರ್ಷಗಳಿಗೂ ಮೀರಿ ಶಿಕ್ಷಕರ ಕೈಸೇರಿತು. ೧೯೫೬ರಲ್ಲಿ ಧಾರವಾಡವೂ ನಮ್ಮ ಜಿಲ್ಲೆಯೂ ಮುಂಬಯಿಯನ್ನು ಬಿಟ್ಟು ಕನ್ನಡ ರಾಜ್ಯಕ್ಕೆ ಬಂದವು. ಇಂದು ಶಿರಸಿಯೇ ಒಂದು ಶೈಕ್ಷಣಿಕ ಜಿಲ್ಲೆಯ ಮುಖ್ಯ ಠಾಣೆ; ಸಿದ್ದಾಪುರ, ಯಲ್ಲಾಪುರಗಳ ಶಾಲೆಗಳ ಕಾಗದಪತ್ರಗಳು ಇಲ್ಲಿಗೇ ಬರುವವು. ಹತ್ತಿಯ ಬಂಡಿಗಳು ಇಳಿಯುತ್ತಿದ್ದ ದೇವಿಮನೆಯ ದಾರಿಯಲ್ಲಿ ಈಗ ಮೋಟಾರುಗಳು ಓಡುತ್ತವೆ, ಮತ್ತು ಅಡಿಕೆ ಸುಲಿಯುವದಕ್ಕೆ ಅನೇಕ ಮನೆಗಳಲ್ಲಿ ಯಂತ್ರಗಳು ಬಂದಿವೆ.